ತಾನು ಉರಿಯದ ನೇರಳೆ ಪುಡಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಹಸು ಕಂದು ಬಣ್ಣದ್ದೋ ಕಪ್ಪೋ ನನಗೆ ಖಚಿತವಿಲ್ಲ. ಅವತ್ತು ಗುಬ್ಬಿ ಸಂತೆಯ ದಿನ ಎಂದು ನನ್ನ ನೆನಪು, ಅಪ್ಪ ಅಲ್ಲವೇ ಅಲ್ಲ ಎನ್ನುತ್ತಾರೆ. ಸಾಕ್ಷಿಗೆ ದಿನಚರಿ ತೆಗೆದು ನೋಡೋಣವೆಂದರೆ ಆ ಚಟ ನನಗೆ ಹತ್ತಿದ್ದು ಎಂ.ಎಸ್ಸಿ. ಓದುವಾಗ. ಈ ಸಂಗತಿ ನಡೆದಾಗ ನಾನು ಸ್ಲೇಟಿನ ಮೇಲೆ ಬರೆದು ಎಂಜಲು ಹಚ್ಚಿ ಒರೆಸುವ ವಯಸ್ಸಿನವಳು. ಒರೆಸಿದ ಸ್ಲೇಟಿನ ಮೇಲೂ ಹಳೆಯ ಅಕ್ಷರ ಬೂದಿಬಣ್ಣದಲ್ಲಿ ಸ್ವಲ್ಪ ಉಳಿದಿರುತ್ತದಲ್ಲ, ಅಷ್ಟರಮಟ್ಟಿಗೆ ಮಾತ್ರ ನನ್ನನ್ನು ನಂಬಿ.

ಇದನ್ನೆಲ್ಲ ಮತ್ತೆ ಮೇಲೆತ್ತಿದ್ದು ತುಮಕೂರಿನ ಮರಳೂರಿನಲ್ಲಿರುವ ನಮ್ಮ ಮನೆಯ ಊಟದ ಮೇಜಿನ ಮೇಲೆ ಕೂತಿದ್ದ ಒಂದು ಸಣ್ಣ ಕಂದು ಗಾಜಿನ ಸೀಸೆ. ಒಳಗಿದ್ದದ್ದು ಪೊಟ್ಯಾಸಿಯಂ ಪರ್ಮಾಂಗನೇಟ್. ನೀವೂ ಶಾಲೆಯ ಲ್ಯಾಬಿನಲ್ಲಿ ನೋಡಿರುತ್ತೀರಿ. ಒಣಗಿದ್ದಾಗ ಇರುವೆಯ ತಲೆಯಂಥ ಕಪ್ಪು ಹರಳು, ನೀರಿಗೆ ಬಿದ್ದರೆ ನೇರಳೆ ಹಣ್ಣು ತಿಂದವರ ನಾಲಗೆಯ ಬಣ್ಣ. ಅದನ್ನು ನಾನು ಕೊಂಡು ತಂದದ್ದು ಕುಣಿಗಲ್ಲಿನಲ್ಲಿರುವ ಜಯತ್ತೆಗೆ. ಜಯತ್ತೆ ಅಪ್ಪನ ತಂಗಿ. ಹಿಂದಿನ ವಾರ ಫೋನ್ ಮಾಡಿದ್ದಳು.

“ಲೇ, ಬರೋವಾಗ ಆ ನೇರಳೆ ಪುಡಿ ಒಂಚೂರು ತತ್ತೀಯಾ? ನಿಮ್ ಮಾವನ ಕಾಲು ಸೋರ್ತಾ ಅದೆ. ತೆಳ್ಳಗೆ ಕದಡಿ ನೆನೆಸಿ ಅಂದವ್ರೆ ಡಾಕ್ಟ್ರು.”

“ಅಲ್ಲೇ ಮೆಡಿಕಲ್ ಸ್ಟೋರಲ್ಲಿ ಸಿಗುತ್ತಲ್ಲ ಅತ್ತೆ?”

“ಸಿಗ್ತದೆ ಬುಡು. ನೀನು ದಿನಾ ಅದರ ಜೊತೇಲೇ ಸಂಸಾರ ಮಾಡೋಳು. ನೀನ್ ತಂದ್ರೆ ಒಂದ್ ಧೈರ್ಯ.”

ಸಂಸಾರ ಎನ್ನುವುದು ಸರಿಯಾದ ಮಾತೇ. ತುಮಕೂರಿನ ಒಂದು ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನನ್ನ ಬಲಗೈಯ ಹೆಬ್ಬೆರಳು, ತೋರುಬೆರಳು ವರ್ಷದ ಬಹುಪಾಲು ಬೀಡಿ ಸೇದುವವರ ಬೆರಳಿನ ಹಾಗೆ ಕಂದಾಗಿರುತ್ತವೆ. ಗ್ಲೌಸ್ ಹಾಕಿ, ಕನ್ನಡಕ ಹಾಕಿ ಎಂದು ಮಕ್ಕಳ ಮುಂದೆ ಗಂಟಲು ಹರಿದುಕೊಳ್ಳುವವಳೂ ನಾನೇ, ಒಂದು ಹನಿ ತಾನೇ ಎಂದು ಬರಿಗೈ ಹಾಕುವವಳೂ ನಾನೇ. ಗುಬ್ಬಿಯ ಒಂದು ಮದುವೆಯಲ್ಲಿ ತಾಂಬೂಲ ಕೊಡಲು ಬಂದ ಹೆಂಗಸು ನನ್ನ ಕೈ ನೋಡಿ, “ಮೆಹೆಂದಿ ಸರ್ಯಾಗಿ ಹತ್ತಿಲ್ಲ ಕಣ್ರೀ, ಒಂದೇ ಕಡೆ ಮೆತ್ತವ್ರೆ” ಎಂದು ಮರುಗಿದರು. ನಾನೂ ಹೌದೆಂದು ಮರುಗಿದೆ.

ಈ ಪುಡಿಯನ್ನು ಲ್ಯಾಬಿನಲ್ಲಿ ಯಾರೂ ಪೂರ್ತಿ ನಂಬುವುದಿಲ್ಲ. ನಿನ್ನೆ ಕಲಸಿಟ್ಟ ದ್ರಾವಣ ಇವತ್ತು ಅಷ್ಟೇ ಶಕ್ತಿಯದ್ದಾಗಿರುತ್ತದೆ ಎನ್ನುವಂತಿಲ್ಲ. ಬೆಳಕು ತಾಗಿದರೆ, ಗಾಳಿಯ ಧೂಳು ತಾಗಿದರೆ ಅದು ಸದ್ದಿಲ್ಲದೆ ಸೋಲುತ್ತ, ಸೀಸೆಯ ಅಡಿಯಲ್ಲಿ ಕಂದು ಗಸಿಯಾಗುತ್ತ ಹೋಗುತ್ತದೆ. ಹಾಗಾಗಿ ಪ್ರತಿ ಸಲ ಹೊಸದಾಗಿ ತೂಗಿ ಕಲಸಿದ ಆಕ್ಸಾಲಿಕ್ ಆಸಿಡ್ ಎದುರು ನಿಲ್ಲಿಸಿ, ನಿನ್ನಲ್ಲಿ ಎಷ್ಟು ಉಳಿದಿದೆ ಹೇಳು ಎಂದು ಕೇಳಬೇಕು. ಹನಿ ಅಳೆಯುವ ಗಾಜಿನ ಕೊಳವೆ ಬ್ಯೂರೆಟ್ಟಿನಲ್ಲಿ ಬೇರೆಲ್ಲ ದ್ರಾವಣಗಳ ಬಾಗಿದ ಮೇಲ್ಮೈಯನ್ನು ಕೆಳಗಿನ ಅಂಚಿನಲ್ಲಿ ಓದಿದರೆ, ಇದರದ್ದನ್ನು ಮೇಲಿನ ಅಂಚಿನಲ್ಲಿ ಓದುತ್ತೇವೆ. ಬಣ್ಣ ಅಷ್ಟು ಗಾಢ, ಕೆಳಗಿನದ್ದು ಕಾಣುವುದೇ ಇಲ್ಲ. ಮಧ್ಯಾಹ್ನದ ಪ್ರಾಕ್ಟಿಕಲ್ ಹೊತ್ತಿನಲ್ಲಿ ಕಿಟಕಿಯ ಬಿಸಿಲು ಸಾಲು ಬ್ಯೂರೆಟ್ಟುಗಳನ್ನು ತೂರಿ ಬಂದು ಮೇಜಿನ ಬಿಳಿ ಕಲ್ಲಿನ ಮೇಲೆ ನೇರಳೆ ಗೆರೆಗಳನ್ನು ಎಳೆಯುತ್ತದೆ. ಆಗ ನಾನು ಮಕ್ಕಳ ಲೆಕ್ಕ ತಿದ್ದುವುದನ್ನು ಬಿಟ್ಟು ಎಲ್ಲಿಗೋ ಹೋಗಿರುತ್ತೇನೆ. “ಮೇಡಂ, ಪಿಂಕ್ ಬಂತು” ಎಂದು ಯಾವಳೋ ಕೂಗಿದಾಗ ವಾಪಸು ಬರುತ್ತೇನೆ.

ಇದಕ್ಕೆ ಕಟ್ಟುಪಾಡು ಬಹಳ. ಕಾಗದದಲ್ಲಿ ಕಟ್ಟಬಾರದು. ಸಕ್ಕರೆ, ಸ್ಪಿರಿಟ್, ಗ್ಲಿಸರಿನ್ ಇರುವ ಬೀರುವಿನಲ್ಲಿ ಇಡಬಾರದು. ಗಟ್ಟಿ ಸಲ್ಫ್ಯೂರಿಕ್ ಆಸಿಡ್ಡಿನ ಪಕ್ಕ ಸುಳಿಯಲೂ ಬಿಡಬಾರದು. ಚೆಲ್ಲಿದರೆ ಬಟ್ಟೆಯಲ್ಲೋ ಹತ್ತಿಯಲ್ಲೋ ಒರೆಸಿ ಬುಟ್ಟಿಗೆ ಎಸೆಯಬಾರದು, ಧಾರಾಳವಾಗಿ ನೀರು ಸುರಿದು ತೊಳೆಯಬೇಕು. ಗ್ಲಿಸರಿನ್ ಒರೆಸಿದ ಹತ್ತಿಯ ಮೇಲೆ ಇದನ್ನೂ ಒರೆಸಿ ಎಸೆದ ಒಬ್ಬ ಹುಡುಗಿಯ ದಯೆಯಿಂದ ನಮ್ಮ ಕಸದ ಬುಟ್ಟಿ ಒಮ್ಮೆ ಹೋಮಕುಂಡದಂತೆ ಹೊಗೆಯಾಡಿತ್ತು. ಮರಳಿನ ಬಕೆಟ್ ತಂದು ಸುರಿದೆವು.

“ಹಂಗಾದ್ರೆ ಇದು ಹತ್ಕೊಂಡು ಉರಿಯೋ ಪುಡಿನಾ ಮೇಡಂ?” ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಾರೆ.

“ಇಲ್ಲ. ಇದು ತಾನು ಉರಿಯಲ್ಲ, ಪಕ್ಕದವರನ್ನ ಉರಿಸುತ್ತೆ” ಎನ್ನುತ್ತೇನೆ. ಇದು ಉಸಿರು ಕೊಡುವ ಪುಡಿ, ಉರಿಯಬಲ್ಲದ್ದು ಹತ್ತಿರ ಸಿಕ್ಕರೆ ಅದಕ್ಕೆ ತನ್ನ ಉಸಿರು ಕೊಟ್ಟು ಉರಿಸುತ್ತದೆ ಎಂದು ವಿವರಿಸುವಷ್ಟರಲ್ಲಿ ಇಡೀ ತರಗತಿ ಪಕ್ಕದಲ್ಲಿ ಕೂತವರ ಮುಖ ನೋಡಿ ನಗುತ್ತಿರುತ್ತದೆ.

ಈ ಮಾತು ನನ್ನದಲ್ಲ. ಯಾರೋ ನನಗೆ ಹೇಳಿದ್ದು. ನೆನೆದಾಗ ಅದು ನನಗೆ ಜಯತ್ತೆಯ ದನಿಯಲ್ಲಿ ಕೇಳಿಸುತ್ತದೆ. ಆದರೆ ನನಗೆ ಬಿ.ಎಸ್ಸಿ.ಯಲ್ಲಿ ಪಾಠ ಮಾಡಿದವರು ಹೇಳಿದ್ದನ್ನೇ ನಾನು ಒಯ್ದು ಜಯತ್ತೆಯ ಬಾಯಿಗೆ ಇಟ್ಟಿದ್ದೇನೋ ಏನೋ. ಇದು ಸಣ್ಣ ಅನುಮಾನದಂತೆ ಕಾಣುತ್ತದೆ. ಸಣ್ಣದಲ್ಲ ಎಂದು ಮುಂದೆ ನಿಮಗೇ ತಿಳಿಯುತ್ತದೆ.

ನಮ್ಮ ಊರು ಗುಬ್ಬಿಯ ಹತ್ತಿರದ ಹಳ್ಳಿ. ನಾನು ಚಿಕ್ಕವಳಿದ್ದಾಗ ಆ ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಮದುವೆಯಾಗದ ಜಯತ್ತೆ ಮತ್ತು ನಾನು. ಜಯತ್ತೆ ಬೆಳಗಿನ ಬಸ್ಸಿಗೆ ತುಮಕೂರಿಗೆ ಹೋಗಿ ಬಿ.ಎಸ್ಸಿ. ಓದುತ್ತಿದ್ದಳು. ಪರ್ಮಾಂಗನೇಟಿಗೆ ನೇರಳೆ ಪುಡಿ ಎಂದು ಹೆಸರಿಟ್ಟವಳು ಅಜ್ಜಿ. ಅದನ್ನು ಅವಳು ಬಾವಿಗೆ ಹಾಕುತ್ತಿದ್ದಳು, ದ್ರಾಕ್ಷಿ ತಂದರೆ ದ್ರಾಕ್ಷಿಗೆ, ಎಮ್ಮೆಯ ಕೆಚ್ಚಲಿಗೆ, ನನ್ನ ಮಂಡಿಯ ಗಾಯಕ್ಕೆ. ಅಜ್ಜಿಗೆ ಅದರ ಮೇಲಿದ್ದ ಭಕ್ತಿ ವಿಭೂತಿಯ ಮೇಲಿನ ಭಕ್ತಿಗಿಂತ ತುಸು ಮಾತ್ರ ಕಡಿಮೆ.

ಜಯತ್ತೆ ಅದನ್ನು ನೋಡುತ್ತಿದ್ದ ರೀತಿಯೇ ಬೇರೆ. ಕಾಲೇಜಿಲ್ಲದ ದಿನ ಗಾಜಿನ ಲೋಟದಲ್ಲಿ ನೀರು ತುಂಬಿ ಜಗಲಿಯ ಬಿಸಿಲಿಗೆ ಇಡುವಳು. “ಅಲ್ಲಾಡಿಸಬಾರ್ದು, ಉಸ್ರೂ ಬಿಡ್ಬಾರ್ದು” ಎಂದು ನನ್ನನ್ನು ಲೋಟದ ಎದುರು ಮೊಣಕಾಲೂರಿಸಿ, ಒಂದೇ ಒಂದು ಹರಳನ್ನು ಮೇಲಿನಿಂದ ಬಿಡುವಳು. ಹರಳು ಇಳಿಯುತ್ತಿದ್ದಂತೆ ಅದರ ಹಿಂದೆ ನೇರಳೆ ದಾರವೊಂದು ಬಿಚ್ಚಿಕೊಳ್ಳುತ್ತಿತ್ತು. ತಳ ಮುಟ್ಟಿದ ಮೇಲೆ ಅಲ್ಲಿಂದ ಸಣ್ಣ ಸಣ್ಣ ಎಳೆಗಳು ಸುತ್ತ ಹರಡುತ್ತಿದ್ದವು.

“ನೋಡು, ಬೇರು ಬಿಡ್ತಾ ಅದೆ” ಎನ್ನುತ್ತಿದ್ದಳು.

ಆ ಮಾತಿನ ದನಿಯ ಬಗ್ಗೆ ನನಗೆ ಅನುಮಾನವಿಲ್ಲ. ಲೋಟದ ಆ ಕಡೆ ಇದ್ದ ಅವಳ ಮುಖ ನೀರಿನಲ್ಲಿ ಅಗಲವಾಗಿ, ಮೆಲ್ಲಗೆ ನೇರಳೆಯಾಗುತ್ತಿದ್ದುದೂ ನಿಜ. ಮುಟ್ಟಲು ಹೋದರೆ ಕೈಗೆ ಹೊಡೆಯುತ್ತಿದ್ದಳು. “ಹರಳ್ನೇ ಬಾಯಿಗಾಕ್ಕೊಂಡ್ರೆ ನಾಲ್ಗೆ ಸುಟ್ಟೋಯ್ತದೆ. ನೀರಲ್ಲಿ ತೆಳ್ಳಗಿದ್ರೇನೆ ಇದು ಒಳ್ಳೇದು.” ಇಷ್ಟಾದ ಮೇಲೆ ಆ ಇನ್ನೊಂದು ಮಾತನ್ನೂ, ತಾನು ಉರಿಯಲ್ಲ ಪಕ್ಕದವರನ್ನ ಉರಿಸುತ್ತೆ ಎಂಬುದನ್ನೂ, ಅದೇ ಜಗಲಿಯಲ್ಲಿ ಹೇಳಿದಳೇ? ಲೋಟ ಕಾಣುತ್ತದೆ, ಬಿಸಿಲು ಕಾಣುತ್ತದೆ, ತುಟಿ ಅಲ್ಲಾಡುವುದೂ ಕಾಣುತ್ತದೆ. ಮಾತು ಮಾತ್ರ ಒಮ್ಮೆ ಕೇಳುತ್ತದೆ, ಒಮ್ಮೆ ಕೇಳುವುದಿಲ್ಲ.

ಆ ವರ್ಷ ದನಗಳಿಗೆ ಕಾಲುಬಾಯಿ ಜ್ವರ ಬಂತು. ಗೊರಸಿನ ಸಂದಿಯಲ್ಲಿ ಹುಣ್ಣು, ಬಾಯೊಳಗೆ ಹುಣ್ಣು. ನಮ್ಮ ಹಸು ಜೊಲ್ಲು ಸುರಿಸುತ್ತ ಮೇವಿನ ಎದುರು ಸುಮ್ಮನೆ ನಿಂತಿರುತ್ತಿತ್ತು. ದನದ ಡಾಕ್ಟ್ರು ಎರಡು ಔಷಧಿ ಕೊಟ್ಟಿದ್ದರು. ಕಾಲು ತೊಳೆಯಲು ನೇರಳೆ ಪುಡಿ, ಬಾಯಿಗೆ ಸವರಲು ಗ್ಲಿಸರಿನ್. ಪುಡಿ ಬಂದದ್ದು ಕಾಗದದ ಪೊಟ್ಟಣದಲ್ಲಿ. ಪೊಟ್ಟಣ ಹರಿಯಿತೆಂದು ಅಜ್ಜಿ ಅದನ್ನು ಕರಟಕ್ಕೆ ಸುರಿದಳು. ನಮ್ಮ ಕಡೆ ಅರ್ಧ ತೆಂಗಿನ ಚಿಪ್ಪಿಗೆ ಹಾಕದ ವಸ್ತುವೇ ಇಲ್ಲ: ಉಪ್ಪು, ಸುಣ್ಣ, ಗುಂಡುಪಿನ್ನು, ನೆಂಟರ ಮಕ್ಕಳು ಹೆಚ್ಚಾದರೆ ಪಾಯಸ. ಗ್ಲಿಸರಿನ್ ಸೀಸೆಯ ಮುಚ್ಚಳ ಕಳೆದುಹೋಗಿ ಅದರ ಬಾಯಿಗೆ ಒಂದು ಉಂಡೆ ತೆಂಗಿನ ನಾರು ತುರುಕಿದ್ದಳು. ಎರಡನ್ನೂ ಕೊಟ್ಟಿಗೆಯ ಗೋಡೆಯ ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟಿದ್ದಳು. ಒಂದೇ ಕಾಯಿಲೆಯ ಔಷಧಿ ಒಂದೇ ಕಡೆ ಇರಬೇಕು, ಅದು ಅಜ್ಜಿಯ ಮನೆವಾರ್ತೆ. ಎಲ್ಲ ಅಜ್ಜಿಯರ ಮನೆವಾರ್ತೆಯೂ ಅದೇ.

ಕೊಟ್ಟಿಗೆಯ ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ಕೊಬ್ಬರಿ ಆಗುವುದು ಹೇಗೆ ಎಂದು ಗೊತ್ತಿಲ್ಲದವರಿಗೆ ಹೇಳಬೇಕು. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದರೆ ವರ್ಷ ತುಂಬುವವರೆಗೆ ಅದರ ಸುದ್ದಿಗೆ ಹೋಗುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು. ತಿರುಳು ತಾನಾಗಿ ಚಿಪ್ಪು ಬಿಡಬೇಕು. ಅಲ್ಲಾಡಿಸಿದಾಗ ಒಳಗೆ ಗಡಗಡ ಎಂದರೆ ಅದು ಕೊಬ್ಬರಿ. ಅಲ್ಲಿಯತನಕ ಮನೆಯವರೆಲ್ಲ ಆ ಮೌನದ ಕೆಳಗೇ ಓಡಾಡುತ್ತಿರುತ್ತಾರೆ. ಬೇಸಗೆಯ ಮಧ್ಯಾಹ್ನ ಕೊಟ್ಟಿಗೆಯಲ್ಲಿ ಮಲಗಿದರೆ ಮೇಲಿನಿಂದ ಒಣ ಸಿಪ್ಪೆಯ, ಸಿಹಿ ಎಣ್ಣೆಯ ವಾಸನೆ ಇಳಿಯುತ್ತಿತ್ತು. ಇವತ್ತಿಗೂ ಆ ವಾಸನೆ ಬಂದರೆ ನನಗೆ ನಿದ್ದೆ ಬರುತ್ತದೆ. ಜಯತ್ತೆಯ ಓದು ಆ ಅಟ್ಟದ ಮೇಲೆ ಒಣಗುತ್ತಿದೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಕೊಬ್ಬರಿ ಮಾರಿದರೆ ಅವಳ ಮುಂದಿನ ವರ್ಷದ ಕಾಲೇಜು.

ದೀಪ ಹಚ್ಚುವ ಹೊತ್ತು. ಕರೆಂಟು ಹೋಗಿತ್ತು. ಅಜ್ಜಿ ಹಸುವಿಗೆ ಔಷಧಿ ಹಾಕುತ್ತಿದ್ದರೆ ಜಯತ್ತೆ ಸೀಮೆಎಣ್ಣೆ ಬುಡ್ಡಿ ಹಿಡಿದು ನಿಂತಿದ್ದಳು. ಹಸು ಗ್ಲಿಸರಿನ್ ಬೇಡವೆಂದು ತಲೆ ಒದರಿ ಅಜ್ಜಿಯ ಕೈ ತಳ್ಳಿತು ಎಂದು ಆಮೇಲೆ ಅಜ್ಜಿಯೇ ಬೈದುಕೊಳ್ಳುತ್ತಿದ್ದುದು ನನಗೆ ನೆನಪಿದೆ. ಇಬ್ಬರೂ ಕೊಟ್ಟಿಗೆಯ ಬಾಗಿಲೆಳೆದುಕೊಂಡು ಒಳಗೆ ಬಂದರು. ನಾನು ಅಡುಗೆಮನೆಯಲ್ಲಿ ಸ್ಲೇಟು ಹಿಡಿದು ಕೂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಸಕ್ಕರೆ ಸೀದಂಥ ವಾಸನೆ ಬಂತು. ಅಮ್ಮ ಒಲೆ ನೋಡಿದಳು, ಒಲೆಯ ಮೇಲೆ ಏನೂ ಇರಲಿಲ್ಲ.

ಕೊಟ್ಟಿಗೆ ಹೊತ್ತಿಕೊಂಡಿತ್ತು. ದನಗಳನ್ನೆಲ್ಲ ಬಿಚ್ಚಿದರು, ಒಂದೂ ಸಾಯಲಿಲ್ಲ. ಅಟ್ಟ ಉಳಿಯಲಿಲ್ಲ. ಒಣಗಿದ ಕಾಯಿಯ ಸಿಪ್ಪೆಗೆ ಬೆಂಕಿ ಬಿದ್ದರೆ ಬಾವಿಯ ನೀರು ಯಾವ ಲೆಕ್ಕ? ಕಾಯಿಗಳು ಒಂದೊಂದಾಗಿ ಸಿಡಿಯುತ್ತಿದ್ದವು. ಕಿಡಿಗಳು ಮೇಲೇರುತ್ತಿದ್ದುದು ನೋಡಲು ಬಹಳ ಚೆನ್ನಾಗಿತ್ತು, ಇದನ್ನು ಹೇಳಲು ನಾಚಿಕೆಯಾಗುತ್ತದೆ. ಅಂಗಳದಲ್ಲಿ ಎಲ್ಲರೂ ನಿಂತಿದ್ದಾಗ ಅಜ್ಜಿ ತಿರುಗಿ ಕೇಳಿದಳು:

“ಬುಡ್ಡಿ ಎಲ್ಲೇ, ಜಯ? ಬುಡ್ಡಿ ಎಲ್ಲೇ ಮಡಗ್ದೆ?”

ಜಯತ್ತೆ ಅಜ್ಜಿಯ ಕೈಯನ್ನೇ ನೋಡುತ್ತ ನಿಂತಿದ್ದಳು.

“ಅಲ್ಲೇ ಬಿಟ್ಟು ಬಂದವ್ಳೆ, ಇನ್ನೇನು” ಎಂದು ಪಕ್ಕದ ಮನೆಯವರು ಯಾರೋ ಅಂದರು. ಅಷ್ಟೇ, ತೀರ್ಪಾಗಿ ಹೋಯಿತು.

ಮುಂದಿನ ವರ್ಷ ಜಯತ್ತೆ ಕಾಲೇಜಿಗೆ ಹೋಗಲಿಲ್ಲ. ಕೊಬ್ಬರಿ ಹೋದದ್ದು ಒಂದು ಕಾರಣ. ಅಜ್ಜಿ ಹೇಳಿದ್ದು ಇನ್ನೊಂದು ಕಾರಣ: “ಬುಡ್ಡಿ ಎಲ್ಲಿ ಮಡಗ್ಬೇಕು ಅಂತ ಗೊತ್ತಾಗದ ಓದು ಓದಿ ಏನಾಗ್ಬೇಕು?” ಆಮೇಲೆ ಕುಣಿಗಲ್ಲಿಗೆ ಮದುವೆ ಮಾಡಿ ಕಳಿಸಿದರು. ಮಾವ ಒಳ್ಳೆಯವರು, ಅದು ಬೇರೆ ಮಾತು. ಮನೆಯಲ್ಲಿ ಒಂದು ತಮಾಷೆ ಉಳಿಯಿತು. ಯಾರ ಮನೆಯ ಶುಭಕಾರ್ಯವಾದರೂ, ದೀಪದ ಸಮೆಯ ಹತ್ತಿರ ಜಯತ್ತೆ ಹೋದರೆ ಸಾಕು, ಯಾರಾದರೊಬ್ಬರು ಬಕೆಟ್ ನೀರು ತನ್ನಿ ಎನ್ನುತ್ತಾರೆ. ಹೋದ ವರ್ಷ ಕುಣಿಗಲ್ಲಿನಲ್ಲಿ ಅವಳದೇ ಹೊಸ ಮನೆಯ ಗೃಹಪ್ರವೇಶ. ಅಪ್ಪ ಎಲ್ಲರ ಮುಂದೆ, “ಜಯನ್ ಕೈಗೆ ಬೆಂಕಿಪೊಟ್ಣ ಕೊಡ್ಬೇಡ್ರಪ್ಪೋ, ಹೊಸಾ ಮನೆ!” ಎಂದರು. ಜನ ನಕ್ಕರು. ಜಯತ್ತೆಯೂ ನಕ್ಕಳು, ಸೆರಗಿನಲ್ಲಿ ಬೆಂಕಿಪೊಟ್ಟಣ ಒರೆಸಿ ಸೊಸೆಯ ಕೈಗೆ ಕೊಟ್ಟಳು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ನನಗೆ ಇದರ ಇನ್ನೊಂದು ಮುಖ ಕಂಡದ್ದು ಬಿ.ಎಸ್ಸಿ. ಮೊದಲ ವರ್ಷದಲ್ಲಿ. ನಮ್ಮ ಮೇಷ್ಟ್ರು ಒಂದು ಬಿಳಿ ಹಂಚಿನ ಮೇಲೆ ಪರ್ಮಾಂಗನೇಟಿನ ಸಣ್ಣ ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ, ಅದಕ್ಕೆ ಗ್ಲಿಸರಿನ್ ಹನಿಸಿ, ನಮ್ಮನ್ನೆಲ್ಲ ದೂರ ನಿಲ್ಲಿಸಿದರು. ಏನೂ ಆಗಲಿಲ್ಲ. ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕರು. ಮೇಷ್ಟ್ರು ಕೈಕಟ್ಟಿ ಸುಮ್ಮನೆ ನಿಂತಿದ್ದರು. ನಾವು ನಕ್ಕು ಸುಸ್ತಾಗಿ ಕಿಟಕಿಯ ಕಡೆ ನೋಡುವ ಹೊತ್ತಿಗೆ ಒಂದು ಎಳೆ ಹೊಗೆ ಎದ್ದಿತು. ಆಮೇಲೆ ಭುಗ್ಗನೆ ನೀಲಿಗೆಂಪು ಜ್ವಾಲೆ. ಕಡ್ಡಿ ಇಲ್ಲ, ದೀಪ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಸಕ್ಕರೆ ಸೀದ ವಾಸನೆ ಬಂತು.

ಆ ತಡವೇ ನನ್ನನ್ನು ಹಿಡಿದದ್ದು. ಹಸು ತಲೆ ಒದರಿದಾಗ ಗ್ಲಿಸರಿನ್ ಚೆಲ್ಲಿ ಕರಟಕ್ಕೆ ಇಳಿದಿದ್ದರೆ, ಅಜ್ಜಿ ಕೈ ಒರೆಸಿಕೊಂಡು ಬಾಗಿಲೆಳೆದುಕೊಂಡು ಬರುವಷ್ಟು ಪುರುಸೊತ್ತು ಅದರಲ್ಲಿತ್ತು. ಕೆಳಗೆ ಕರಟ, ಪಕ್ಕದಲ್ಲಿ ನಾರು, ಮೇಲೆ ಒಣಗಿದ ಅಟ್ಟ. ಬುಡ್ಡಿ ಬೇಕಾಗಿಯೇ ಇರಲಿಲ್ಲ.

ಆ ಶನಿವಾರ ಊರಿಗೆ ಓಡಿಹೋಗಿ ಅಪ್ಪನಿಗೆ ಹೇಳಿದೆ. ಅಜ್ಜಿ ಆಗ ತೀರಿಕೊಂಡು ಹೆಚ್ಚು ದಿನ ಆಗಿರಲಿಲ್ಲ. ಅಪ್ಪ ಕೇಳುತ್ತ ಕೇಳುತ್ತ ಮುಖ ಗಂಟಿಕ್ಕಿದರು.

“ಏನ್ಲೇ, ಕಾಲೇಜಿಗೆ ಕಳ್ಸಿದ್ದು ಇದಕ್ಕಾ? ಸತ್ತೋದ ಅವ್ವನ್ ಮೇಲೆ ಹಾಕಕ್ ಬಂದ್ಯಾ?”

“ಅಜ್ಜಿ ಬೇಕಂತ ಮಾಡಿದ್ಲು ಅಂದ್ನಾ ನಾನು? ಗೊತ್ತಿಲ್ದೆ ಆಗಿರಬಹುದು ಅಂದೆ.”

“ನಿಮ್ಮತ್ತೇನೇ ಸುಮ್ನವ್ಳೆ. ನಿಂಗೇನು? ಬುಡು ಆ ಮಾತ್ನ.”

ಬಿಟ್ಟೆ. ಯಾಕೆ ಬಿಟ್ಟೆ ಎಂದರೆ, ನನಗೇ ಗಟ್ಟಿ ಇರಲಿಲ್ಲ. ಬೆಂಕಿಯ ವಾಸನೆ ಬಂದಾಗ ನನ್ನ ಸ್ಲೇಟಿನ ಎದುರು ಬುಡ್ಡಿ ಉರಿಯುತ್ತಿತ್ತು, ಅದರ ಬೆಳಕಿನಲ್ಲೇ ನಾನು ಬರೆಯುತ್ತಿದ್ದೆ, ಇದು ನನ್ನ ನೆನಪು. ಅದು ಜಯತ್ತೆ ಕೊಟ್ಟಿಗೆಯಿಂದ ತಂದಿಟ್ಟ ಬುಡ್ಡಿ ಎಂದು ಸೇರಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ. ಆದರೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಬುಡ್ಡಿ ಅಲ್ಲ. ಈಗ ನಾನೇ ಪ್ರತಿವರ್ಷ ಮಕ್ಕಳಿಗೆ ಆ ಪ್ರಯೋಗ ಮಾಡಿ ತೋರಿಸುತ್ತೇನೆ. ದನಕ್ಕೆ ಕೊಡುವಂಥ, ಬೊರಾಕ್ಸ್ ಬೆರೆಸಿದ ಗ್ಲಿಸರಿನ್ನಿನಲ್ಲಿ ಒಬ್ಬಳೇ ಕೂತು ಮಾಡಿಯೂ ನೋಡಿದ್ದೇನೆ, ಲ್ಯಾಬಿನ ಹೊಗೆ ಹೀರುವ ಗಾಜಿನ ಕಪಾಟಿನೊಳಗೆ, ಮರಳು ಪಕ್ಕದಲ್ಲಿಟ್ಟುಕೊಂಡು. ಒಮ್ಮೆ ಹತ್ತಿಕೊಂಡಿತು. ಇನ್ನೊಮ್ಮೆ ಬರೀ ಹೊಗೆಯಾಡಿ ಸುಮ್ಮನಾಯಿತು. ಪರ್ಮಾಂಗನೇಟನ್ನು ಪರೀಕ್ಷಿಸಲು ಆಕ್ಸಾಲಿಕ್ ಆಸಿಡ್ ಇದೆ. ನನ್ನನ್ನು ಪರೀಕ್ಷಿಸಲು ಯಾವುದನ್ನು ತೂಗಲಿ?

ಇನ್ನೊಂದು ಚಿತ್ರವೂ ಇದೆ. ಬೆಂಕಿಯ ಮಾರನೆಯ ದಿನ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಜ್ಜಿಯನ್ನು ಕೂರಿಸಿ ಜಯತ್ತೆ ಅವಳ ಕಂದಾದ ಬೆರಳುಗಳಿಗೆ ನಿಂಬೆಹಣ್ಣಿನ ಹೋಳು ಉಜ್ಜುತ್ತಿದ್ದಾಳೆ. ಒಂದೊಂದೇ ಬೆರಳು. ಅಜ್ಜಿ ಸುಟ್ಟ ಅಟ್ಟದ ಕಡೆ ನೋಡುತ್ತ ಕೈ ಕೊಟ್ಟು ಕೂತಿದ್ದಾಳೆ. ನೇರಳೆ ಪುಡಿಯ ಕಂದು ಕಲೆಗೆ ಸೋಪು ಕೆಲಸಕ್ಕೆ ಬಾರದು, ಹುಳಿ ಬೇಕು. ಅದು ನನಗೆ ಬಹುಕಾಲ ಪ್ರೀತಿಯ ಚಿತ್ರವಾಗಿತ್ತು, ತನ್ನನ್ನು ಬೈದ ತಾಯಿಯ ಕೈ ತೊಳೆಯುವ ಮಗಳು. ಲ್ಯಾಬಿನಲ್ಲಿ ಆ ಜ್ವಾಲೆ ನೋಡಿದ ಮೇಲೆ ಚಿತ್ರ ಅದೇ ಇದ್ದು ಅರ್ಥ ಮಾತ್ರ ಅಲುಗಾಡತೊಡಗಿತು. ಅವಳು ಕೈ ತೊಳೆಯುತ್ತಿದ್ದಳೋ, ಗುರುತು ತೊಳೆಯುತ್ತಿದ್ದಳೋ? ಅಥವಾ ಅದು ಬೇರೆ ಯಾವತ್ತಿನದೋ ನಿಂಬೆಹಣ್ಣೋ?

ಭಾನುವಾರ ಸೀಸೆಯನ್ನು ಸ್ಟೀಲ್ ಡಬ್ಬಿಯೊಳಗಿಟ್ಟು, ಡಬ್ಬಿಯನ್ನು ಬ್ಯಾಗಿನಲ್ಲಿ ಬೇರೆಯಾಗಿ ಇಟ್ಟುಕೊಂಡು ಕುಣಿಗಲ್ ಬಸ್ಸು ಹತ್ತಿದೆ. ಕೆರೆಯ ಮೇಲೆ ಬಿಸಿಲು ಮಲಗಿತ್ತು. ಮಾವ ಹೊಸ ಮನೆಯ ಹಾಲ್‌ನಲ್ಲಿ ಎರಡು ಕಾಲನ್ನೂ ಸ್ಟೂಲಿನ ಮೇಲೆ ಪ್ರದರ್ಶನಕ್ಕಿಟ್ಟು ಕೂತಿದ್ದರು.

“ಬಂದ್ರಪ್ಪಾ ಸೈಂಟಿಸ್ಟು! ಏನವ್ವಾ, ಈ ಕಾಲು ನಂಗೇ ಉಳೀತದಾ, ಇಲ್ಲಾ ನಿನ್ ಲ್ಯಾಬಿಗೆ ಬೇಕಾ?”

“ನಮ್ ಲ್ಯಾಬಲ್ಲಿ ಇಷ್ಟು ಹಳೇ ಸಾಮಾನು ಇಟ್ಕೊಳಲ್ಲ ಮಾವ.”

“ಅಂಗನ್ನು ಮತ್ತೆ” ಎಂದು ಜಯತ್ತೆ ಬಚ್ಚಲಿನಿಂದ ಕೂಗಿದಳು. “ಬಾರೆ ಇತ್ಲಾಗೆ, ಟಬ್ಬು ತುಂಬವ್ನಿ.”

ಬಚ್ಚಲುಮನೆಯ ಬಾಗಿಲಲ್ಲಿ ಸೀಸೆ ಕೊಟ್ಟೆ. ಅವಳು ಕನ್ನಡಕ ಹಣೆಯಿಂದ ಇಳಿಸಿ ಚೀಟಿ ನೋಡಿದಳು. ಇಂಥ ವಸ್ತುಗಳ ಮೇಲೆ ಎಚ್ಚರಿಕೆಗೆಂದು ಒಂದು ಗುರುತು ಹಾಕಿರುತ್ತಾರೆ, ದುಂಡು ಉಂಗುರ, ಅದರ ನೆತ್ತಿಯ ಮೇಲೆ ಜ್ವಾಲೆ.

“ಇದೇನ್ಲೇ, ಸೀಸೆ ಮೇಲೆ ಬುಡ್ಡಿ ಬರ್ದವ್ರೆ?” ಎಂದು ನಕ್ಕಳು. ನನಗೆ ನಗಲಾಗಲಿಲ್ಲ. ಎಷ್ಟೋ ವರ್ಷದಿಂದ ಆ ಗುರುತು ನನಗೂ ಬುಡ್ಡಿಯ ಹಾಗೆಯೇ ಕಾಣುತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಚಮಚ ತಾ ಎನ್ನುವಷ್ಟರಲ್ಲಿ ನಾನು ನನ್ನ ಹಳೆಯ ಚಾಳಿಯಂತೆ ಬರಿಬೆರಳಲ್ಲಿ ನಾಲ್ಕು ಹರಳು ಎತ್ತಿ ಟಬ್ಬಿಗೆ ಬಿಟ್ಟೆ. ಕೊಡದಿಂದ ಸುರಿದ ನೀರು ಆಗಷ್ಟೇ ಶಾಂತವಾಗಿತ್ತು. ದಾರಗಳು ಇಳಿದವು. ಇಬ್ಬರೂ ಬಗ್ಗಿ ನೋಡಿದೆವು. ಬೇರು ತನ್ನಷ್ಟಕ್ಕೆ ಬಿಟ್ಟುಕೊಂಡಿತು. ಕಲಕಿದ ಮೇಲೆ ತೆಳು ಗುಲಾಬಿ. ಡಾಕ್ಟ್ರು ಹೇಳಿದ್ದ ಬಣ್ಣ.

ಸೀಸೆಯ ಬಿರಡೆ ಬಿಗಿದು ಜಯತ್ತೆ ಬಚ್ಚಲ ಗೂಡಿನಲ್ಲಿ ಇಡಲು ಹೋದಳು. ಅಲ್ಲಿ ಹಲ್ಲುಜ್ಜುವ ಪೇಸ್ಟು, ಸೋಪು, ಮಾವನ ಒಡೆದ ಹಿಮ್ಮಡಿಗೆ ಹಚ್ಚುವ ಗ್ಲಿಸರಿನ್ ಬಾಟಲಿ ಇದ್ದವು. ಅವಳ ಕೈ ಅರ್ಧಕ್ಕೆ ನಿಂತಿತು. ಆಮೇಲೆ ಇನ್ನೊಂದು ಕೈಯಿಂದ ಗ್ಲಿಸರಿನ್ ಬಾಟಲಿ ತೆಗೆದುಕೊಂಡು, ನನ್ನನ್ನು ದಾಟಿ, ಹಾಲ್ ದಾಟಿ, ಮಲಗುವ ಕೋಣೆಗೆ ಹೋದಳು. ಬೀರುವಿನ ಬಾಗಿಲು ತೆಗೆದು ಮುಚ್ಚಿದ ಸದ್ದು ಕೇಳಿತು. ವಾಪಸು ಬಂದವಳು ಗೂಡನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಬಟ್ಟೆಯನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆದು, ಆಮೇಲೆ ಸೀಸೆಯನ್ನು ಅಲ್ಲಿಟ್ಟಳು. ಇಷ್ಟನ್ನೂ ನಾನು ಹೇಳಿಕೊಟ್ಟಿರಲಿಲ್ಲ. ಹೇಳಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆ.

ಮಾವ ಟಬ್ಬಿನಲ್ಲಿ ಕಾಲಿಳಿಸಿ, “ಆಹಾ, ರಾಜ್ರು ಪಾದ ತೊಳ್ಸಿಕೊಂಡಂಗದೆ” ಎಂದು ಕಣ್ಣು ಮುಚ್ಚಿದರು. ನಾನೂ ಜಯತ್ತೆಯೂ ಹಿತ್ತಲಿನ ಮೆಟ್ಟಿಲ ಮೇಲೆ ಕೂತೆವು. ಅವಳು ಒಳಗಿನಿಂದ ನಿಂಬೆಹಣ್ಣು ಹೋಳು ಮಾಡಿ ತಂದಿದ್ದಳು. ಕಾಫಿಯ ಹೊತ್ತಿನಲ್ಲಿ ನಿಂಬೆಹಣ್ಣು ಯಾಕೆ ಎಂದು ನಾನು ನೋಡುತ್ತಿದ್ದ ಹಾಗೆ ನನ್ನ ಬಲಗೈ ಎಳೆದು ಮಡಿಲಲ್ಲಿಟ್ಟುಕೊಂಡಳು.

“ಮಕ್ಕಳ್ಗೆ ಪಾಠ ಹೇಳೋ ಕೈಯಾ ಇದು? ಥೂ.”

ಹೆಬ್ಬೆರಳಿನಿಂದ ಶುರುಮಾಡಿದಳು. ಒಂದೊಂದೇ ಬೆರಳು. ಹುಳಿ ತಾಗಿದ ಕಡೆ ಕಂದು ಮೆಲ್ಲಗೆ ಕರಗಿ ನನ್ನ ಚರ್ಮದ ಬಣ್ಣ ಹೊರಗೆ ಬರುತ್ತಿತ್ತು. ಪಕ್ಕದ ಮನೆಯವರು ಯಾರೋ ಒಗ್ಗರಣೆ ಹಾಕಿದರು. ಎದುರಿಗೆ ಅವಳ ದಾಸವಾಳದ ಗಿಡ, ಅದರಾಚೆ ಕಾಂಪೌಂಡು, ಅದರಾಚೆ ಸಂಜೆ. ಅವಳ ನೆತ್ತಿಯ ಬಿಳಿಕೂದಲು ನನ್ನ ಮುಖಕ್ಕೆ ಎಷ್ಟು ಹತ್ತಿರವಿತ್ತೆಂದರೆ ಕೊಬ್ಬರಿಎಣ್ಣೆಯ ವಾಸನೆ ಬಂದು ನನಗೆ ನಿದ್ದೆ ತೂಗಿದಂತಾಯಿತು.

ಗ್ಲಿಸರಿನ್ನಿನ ಸಂಗತಿ ಅವಳಿಗೆ ಎಷ್ಟೋ ವರ್ಷದ ಮೇಲೆ, ಮಗ ಓದುತ್ತಿದ್ದಾಗ ಅವನ ಪುಸ್ತಕದಿಂದ ತಿಳಿದಿರಬಹುದು. ಟಿ.ವಿ.ಯಲ್ಲಿ ನೋಡಿರಬಹುದು. ಹಾಗಿದ್ದರೆ ಅವತ್ತು ಅಂಗಳದಲ್ಲಿ ಅವಳಿಗೂ ಏನೂ ತಿಳಿಯಲಿಲ್ಲ, ತಾನೇ ಬುಡ್ಡಿ ಮರೆತೆನೆಂದು ಇಷ್ಟು ಕಾಲ ನಂಬಿಕೊಂಡೇ ಬಂದಳು. ಇಲ್ಲವೇ ಆ ವರ್ಷವೇ ತುಮಕೂರಿನ ಲ್ಯಾಬಿನಲ್ಲಿ ಕಲಿತಿದ್ದಳು, ಜಗಲಿಯಲ್ಲಿ ನನಗೂ ಹೇಳಿದ್ದಳು, ಅಜ್ಜಿಯ ಕೈ ನೋಡಿದ ಕೂಡಲೇ ಎಲ್ಲ ತಿಳಿದಿತ್ತು. ತಿಳಿದೂ ಬಾಯಿ ಬಿಡಲಿಲ್ಲ. ಈ ಎರಡರಲ್ಲಿ ಯಾವುದು ಹೆಚ್ಚು ಸಂಕಟದ್ದು ಎಂದು ನನಗೆ ಇವತ್ತಿಗೂ ಹೇಳಲಾಗದು.

“ಅತ್ತೆ” ಎಂದೆ. “ಅವೆರಡನ್ನ ಒಟ್ಟಿಗೆ ಇಡಬಾರ್ದು ಅಂತ ನಿಂಗೆ ಯಾವಾಗಿಂದ ಗೊತ್ತು?”

ನಿಂಬೆ ಹೋಳು ನನ್ನ ತೋರುಬೆರಳಿನ ಉಗುರಿನ ಬುಡದಲ್ಲಿ ನಿಂತಿತು. ಮತ್ತೆ ಉಜ್ಜತೊಡಗಿತು, ಮೊದಲಿಗಿಂತ ಮೆತ್ತಗೆ. ಒಳಗೆ ಮಾವ ನೀರು ತಣ್ಣಗಾಯಿತೆಂದು ಕೂಗುತ್ತಿದ್ದರು. ಅವಳು ಆ ಬೆರಳು ಮುಗಿಸಿ, ಹೋಳನ್ನು ಹಿಂಡಿ ನೋಡಿ, ಇನ್ನೂ ರಸವಿದೆ ಎಂದು ತಿಳಿದುಕೊಂಡು ನನ್ನ ಕಡೆ ತಿರುಗದೆ ಹೇಳಿದಳು:

“ಆ ಕೈ ಕೊಡು.”

ಆ ಕೈಯಲ್ಲಿ ಕಲೆ ಇರಲಿಲ್ಲ. ಕೊಟ್ಟೆ.